ಎರೆ ಮಣ್ಣಿನ ಹಿತ್ತಲಲ್ಲಿ ನೀರು ನಿಲ್ಲುತ್ತಿದೆ: ಉಸುಕು ಹಾಕಿಸಲೋ, ಇಂಗುಗುಂಡಿ ತೋಡಿಸಲೋ?

ಹುಬ್ಬಳ್ಳಿ_ಹಿತ್ತಲು:
ನಮಸ್ಕಾರ ಎಲ್ಲರಿಗೂ. ಹುಬ್ಬಳ್ಳಿ ಊರ ಹೊರಗಿನ ಲೇಔಟ್‌ನಲ್ಲಿ ನಮ್ಮ ಮನೆ, 40×60 ಸೈಟು. ಮೊದಲು ಇಲ್ಲೆಲ್ಲ ಹತ್ತಿ, ಜೋಳ ಬೆಳೆಯುತ್ತಿದ್ದರಂತೆ. ಅಪ್ಪಟ ಎರೆ ಮಣ್ಣು. ಮನೆ ಹಿಂದೆ 15 ಅಡಿ, ಪಕ್ಕಕ್ಕೆ 6 ಅಡಿ ಜಾಗ ಬಿಟ್ಟಿದ್ದೇವೆ. ನಾಲ್ಕು ಗಿಡ ಹಚ್ಚಬೇಕು, ಒಂದು ಕಟ್ಟೆ ಕಟ್ಟಿ ಸಂಜೆ ಹೊತ್ತು ಕೂರಬೇಕು ಅಂತ ಆಸೆ.

ಆದರೆ ದೊಡ್ಡ ಮಳೆ ಆಯಿತೆಂದರೆ ಹಿತ್ತಲಲ್ಲಿ ನಾಲ್ಕೈದು ದಿನ ನೀರು ಹಾಗೇ ನಿಲ್ಲುತ್ತದೆ. ಕಾಲಿಟ್ಟರೆ ಚಪ್ಪಲಿ ರಾಡಿಯಲ್ಲೇ ಉಳಿದು ಬರೀ ಕಾಲು ಮೇಲೆ ಬರುತ್ತದೆ. ಏಪ್ರಿಲ್ ಬಂತೆಂದರೆ ಅದೇ ನೆಲ ಬಾಯಿ ಬಿಡುತ್ತದೆ. ಮಗನ ಟೆನಿಸ್ ಚೆಂಡು ಬಿರುಕಿನೊಳಗೆ ಹೋಗಿದ್ದು ವಾಪಸ್ ಸಿಗಲೇ ಇಲ್ಲ. ಗೋಡೆಗೂ ನೆಲಕ್ಕೂ ಮಧ್ಯೆ ಬೆರಳು ಹೋಗುವಷ್ಟು ಸಂದು. ಹಿಂದಿನ ಗೇಟು ಮಳೆಗಾಲದಲ್ಲಿ ತೆಗೆಯಲು ಬರಲ್ಲ, ಬೇಸಿಗೆಯಲ್ಲಿ ಚಿಲಕ ಕೂರಲ್ಲ. ಹಚ್ಚಿದ ಪಪ್ಪಾಯಿ ಎಲ್ಲ ಬುಡ ಕೊಳೆತು ಬಿದ್ದವು.

ಗೌಂಡಿ ಹೇಳುವುದು ಇಷ್ಟು: ಎರಡು ಟಿಪ್ಪರ್ ಉಸುಕು ತಂದು ಮಣ್ಣಿಗೆ ಕಲಸಿ, ಗೋಡೆ ಪಕ್ಕ ಒಂದು ಇಂಗುಗುಂಡಿ ತೋಡಿ, ಉಳಿದ ಜಾಗಕ್ಕೆ ಪೇವರ್ ಹಾಸಿಬಿಡಿ. ಎರೆ ಮಣ್ಣಿನ ಮೇಲೆ ಮನೆ ಇರುವವರು ಏನು ಮಾಡಿದ್ದೀರಿ, ಹೇಳಿ.

ಬೆಂಗಳೂರು_ಬಾಲ್ಕನಿ:
ಇಂಗುಗುಂಡಿನೇ ಬೆಸ್ಟು. ನಮ್ಮ ಮನೇಲಿ ಸಂಪ್ ತುಂಬಿ ಉಳಿದ ತಾರಸಿ ನೀರೆಲ್ಲ ಅದಕ್ಕೇ ಬಿಟ್ಟಿದ್ದೇವೆ. ಎಂಥ ಮಳೆ ಬಂದರೂ ಸ್ವಲ್ಪ ಹೊತ್ತಿಗೆಲ್ಲ ಖಾಲಿ. ಇಲ್ಲಿ ಮಳೆನೀರು ಕೊಯ್ಲು ಕಡ್ಡಾಯ ಮಾಡಿದ್ದು 2009ರಲ್ಲಿ. ಅಂತರ್ಜಲಕ್ಕೂ ಒಳ್ಳೇದು. ಯೋಚನೆ ಮಾಡಬೇಡಿ, ತೋಡಿಸಿ.

ಎರೆಹೊಲದವ:
ತೋಡಿಸಬೇಡಿ!! ಬೆಂಗಳೂರಿನ ಕೆಂಪು ಮಣ್ಣಿನ ಲೆಕ್ಕ ನವಲಗುಂದ, ಹುಬ್ಬಳ್ಳಿ, ಗದಗಿಗೆ ಹಿಡಿಯಬೇಡಿ ಸರ್. ನಮ್ಮ ಹೊಲದ ಮಣ್ಣು ಒಣಗಿದಾಗ ಬಿರುಕಿನಲ್ಲಿ ನೀರು ಗಟಗಟ ಇಳಿಯುತ್ತದೆ, ನಿಜ. ಒಂದು ಸಲ ನೆನೆದು ಉಬ್ಬಿತೋ, ಬಿರುಕೆಲ್ಲ ಮುಚ್ಚಿಕೊಳ್ಳುತ್ತವೆ. ಆಮೇಲೆ ಒಂದು ತಾಸಿಗೆ ಒಂದು ಮಿಲಿಮೀಟರ್ ಇಳಿದರೆ ಹೆಚ್ಚು. ಎರೆ ಮಣ್ಣಲ್ಲಿ ತೋಡಿದ ಗುಂಡಿ ಇಂಗುಗುಂಡಿ ಅಲ್ಲ, ಸೊಳ್ಳೆ ಸಾಕುವ ಹೊಂಡ. ಅದೂ ಗೋಡೆ ಪಕ್ಕ ಅಂತೆ. ಗೌಂಡಿಗೆ ದೊಡ್ಡ ನಮಸ್ಕಾರ.

ಬೆಂಗಳೂರು_ಬಾಲ್ಕನಿ:
ಬೆಂಗಳೂರಿನವರು ಏನು ಹೇಳಿದರೂ ತಪ್ಪು ಅಲ್ವಾ 🙂 ಸರಿ, ಹಾಗಾದರೆ ನೀರು ಎಲ್ಲಿಗೆ ಹೋಗಬೇಕು?

ಸಿವಿಲ್_ಕೆಲಸ:
ಈ ಕಡೆ ಮನೆ ಕಟ್ಟಿಸುವುದೇ ನನ್ನ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ.

ಎರೆ ಮಣ್ಣು ಅಂದರೆ ಉಬ್ಬಿ ಕುಗ್ಗುವ ಕಪ್ಪು ಮಣ್ಣು. ಇದರಲ್ಲಿ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿ ಖನಿಜ ಜಾಸ್ತಿ. ಅದರ ಪದರಗಳ ನಡುವೆ ನೀರು ಹೊಕ್ಕರೆ ಉಬ್ಬುತ್ತದೆ, ನೀರು ಹೋದರೆ ಕುಗ್ಗುತ್ತದೆ. ನಿಮ್ಮ ಗೇಟು, ಗೋಡೆ ಸಂದು, ಬಿರುಕು, ಎಲ್ಲ ಒಂದೇ ರೋಗದ ಲಕ್ಷಣ. ಇಡೀ ಮನೆ ಒಂದೇ ಸಮ ಮೇಲೆ ಕೆಳಗೆ ಆದರೆ ಅಷ್ಟು ತೊಂದರೆ ಇಲ್ಲ. ಒಂದು ಮೂಲೆ ಮಾತ್ರ ನೆನೆದು ಇನ್ನೊಂದು ಮೂಲೆ ಒಣಗಿದ್ದರೆ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಗೋಡೆ ಪಕ್ಕ ಇಂಗುಗುಂಡಿ ಅಂದರೆ ಆ ಒಂದು ಮೂಲೆಯನ್ನು ನೀವೇ ಕೈಯಾರೆ ನೆನೆಸಿದ ಹಾಗೆ.

ಮೊದಲು ಒಂದು ಕೆಲಸ ಮಾಡಿ. ಮಳೆ ಬರುವಾಗ ಛತ್ರಿ ಹಿಡಿದು ಮನೆ ಸುತ್ತ ಒಂದು ಸುತ್ತು ಬನ್ನಿ. ತಾರಸಿ ಪೈಪಿನ ನೀರು ಎಲ್ಲಿ ಬೀಳುತ್ತಿದೆ ನೋಡಿ. 1000 ಚದರ ಅಡಿ ತಾರಸಿ ಮೇಲೆ 1 ಇಂಚು ಮಳೆ ಬಿದ್ದರೆ ಸುಮಾರು 2300 ಲೀಟರ್ ನೀರು. ಅದಷ್ಟೂ ಗೋಡೆ ಬುಡಕ್ಕೆ ಬೀಳುತ್ತಿದ್ದರೆ ಹಿತ್ತಲಲ್ಲಿ ಏನು ಮಾಡಿದರೂ ದಂಡ.

ಗದಗ_ಅಕ್ಕ:
ಸಿವಿಲ್ ಅವರು ಹೇಳಿದ್ದು ಸರಿ. ಆದರೆ ಇಂಗುಗುಂಡಿ ಆಗುವುದೇ ಇಲ್ಲ ಅನ್ನಬೇಡಿ. ನಮ್ಮ ಮನೆ ಹತ್ತಿರ ಕಪ್ಪು ಮಣ್ಣು ಏಳೆಂಟು ಅಡಿ ಅಷ್ಟೇ, ಅದರ ಕೆಳಗೆ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಡಸು ಮಣ್ಣು. ಗರಸಿನೊಳಗೆ ಇಳಿಸಿ ತೋಡಿಸಿದ್ದಕ್ಕೆ ನೀರು ಚೆನ್ನಾಗಿ ಹೋಗುತ್ತಿದೆ. ಪಕ್ಕದ ಮನೆಯವರು ಖರ್ಚು ಉಳಿಸಲು ಐದಡಿಗೇ ನಿಲ್ಲಿಸಿದರು, ಅವರದು ದೀಪಾವಳಿ ಆದರೂ ತುಂಬಿಕೊಂಡೇ ಇತ್ತು. ಅಕ್ಕಪಕ್ಕ ಯಾರಾದರೂ ಬಾವಿ, ಬೋರು ತೋಡಿಸಿದ್ದರೆ ಕೇಳಿ, ಎಷ್ಟು ಅಡಿಗೆ ಗರಸು ಸಿಕ್ಕಿತು ಅಂತ ಗೊತ್ತಾಗುತ್ತದೆ.

ಸಿವಿಲ್_ಕೆಲಸ:
ಅಕ್ಕಾ, ಒಪ್ಪಿದೆ. ಗರಸು ಮುಟ್ಟಿದರೆ ಆಗುತ್ತದೆ. ಆದರೂ ಪಾಯದಿಂದ ದೂರ ಇರಲಿ, ಕಪ್ಪು ಮಣ್ಣು ಇರುವಷ್ಟು ಆಳಕ್ಕೆ ಸಂದಿಲ್ಲದ ಸಿಮೆಂಟ್ ರಿಂಗ್ ಇಳಿಸಿ. ನೀರು ಗರಸಿಗೆ ಹೋಗಬೇಕು, ಮಧ್ಯದ ಎರೆ ಮಣ್ಣಿಗೆ ಸೋರಬಾರದು.

ಕರಾವಳಿ_ಮಳೆ:
ನಮ್ಮಲ್ಲಿ ವರ್ಷಕ್ಕೆ 3500 ಮಿಲಿಮೀಟರ್ ಮೇಲೆ ಸುರಿಯುತ್ತದೆ, ಮಾರನೇ ದಿನ ಅಂಗಳದಲ್ಲಿ ಚಪ್ಪಲಿ ಕೊಳೆಯಾಗಲ್ಲ. ಮುರಕಲ್ಲು ಎಲ್ಲ ಕುಡಿದುಬಿಡುತ್ತದೆ. ನಿಮಗೆ ಅದರ ಕಾಲು ಭಾಗವೂ ಮಳೆ ಇಲ್ಲ, ಇಷ್ಟು ಗೋಳಾ?

ಎರೆಹೊಲದವ:
ಬನ್ನಿ ಒಂದು ಸಲ, ಹಸ್ತ ಮಳೆಯಲ್ಲಿ ಬೆಣ್ಣೆಹಳ್ಳದ ದಂಡೆಯ ಹೊಲದಲ್ಲಿ ಬೈಕ್ ಓಡಿಸಿ ತೋರಿಸಿ. ಮಡ್‌ಗಾರ್ಡ್ ಒಳಗೆ ಮಣ್ಣು ತುಂಬಿ ಗಾಲಿ ತಿರುಗದೆ ನಿಲ್ಲುತ್ತದೆ. ಆಮೇಲೆ ಕಡ್ಡಿ ಹಿಡಿದು ಕೆರೆಯುತ್ತಾ ಕೂರಬೇಕು. ಆದರೆ ಇದೇ ಮಣ್ಣು ನೀರು ಹಿಡಿದಿಟ್ಟುಕೊಳ್ಳುವುದಕ್ಕೇ ಮಳೆ ಹೋದ ಮೇಲೂ ಹಿಂಗಾರಿ ಜೋಳ, ಕಡಲೆ ಬರುತ್ತವೆ. ಮಣ್ಣಿಗೆ ಬೈಯಬೇಡಿ, ಅದರ ಮೇಲೆ ಮನೆ ಕಟ್ಟಿದವರಿಗೆ ಬೈಯಿರಿ.

ಹುಬ್ಬಳ್ಳಿ_ಹಿತ್ತಲು:
ಬೈಯಿರಿ ಬೈಯಿರಿ, ಇಎಂಐ ಅಂತೂ ನಡೆಯುತ್ತಿದೆ.
ಸಿವಿಲ್ ಸರ್, ನೋಡಿದೆ. ಮೂರು ತಾರಸಿ ಪೈಪುಗಳಲ್ಲಿ ಎರಡು ಹಿಂದಿನ ಗೋಡೆ ಬುಡಕ್ಕೇ ಬಾಯಿ ಬಿಟ್ಟಿವೆ. ನೀರು ಬೀಳುವ ಕಡೆ ಮಣ್ಣು ಕೊರೆದು ಬೋಗುಣಿ ಆಗಿದೆ. ಉಸುಕಿನ ವಿಷಯ ಯಾರೂ ಹೇಳಲಿಲ್ಲ. ಗೌಂಡಿ ದಿನಾ ಫೋನ್ ಮಾಡುತ್ತಿದ್ದಾರೆ, ಟಿಪ್ಪರ್ ಕಳಿಸಲಾ ಅಂತ.

ಸಸಿಮಡಿ:
ಉಸುಕು ಬೇಡವೇ ಬೇಡ. ಜೇಡಿ ಮಣ್ಣಿನ ಗುಣ ಬದಲಾಗಬೇಕಾದರೆ ಅರ್ಧಕ್ಕಿಂತ ಜಾಸ್ತಿ ಉಸುಕೇ ಇರಬೇಕು. ಸ್ವಲ್ಪ ಹಾಕಿದರೆ ಜೇಡಿ ಹೋಗಿ ಉಸುಕಿನ ಸಂದು ತುಂಬಿಕೊಂಡು ಇನ್ನೂ ಗಟ್ಟಿ ಆಗುತ್ತದೆ. ನಿಮ್ಮ ಹಿತ್ತಲು ಒಂದಡಿ ಆಳಕ್ಕೆ ಕಲಸಬೇಕು ಅಂದರೆ ಎರಡು ಟಿಪ್ಪರ್ ಎಲ್ಲಿಗೂ ಸಾಲದು. ಆ ದುಡ್ಡಿಗೆ ತಿಪ್ಪೆ ಗೊಬ್ಬರ ತರಿಸಿ. ಶೇಂಗಾ ಸಿಪ್ಪೆ, ಕಬ್ಬಿನ ರವದಿ, ಒಣ ಎಲೆ, ಏನು ಸಿಕ್ಕರೂ ಹಾಕಿ. ವರ್ಷಾ ವರ್ಷಾ ಹಾಕುತ್ತಾ ಹೋಗಬೇಕು, ಒಂದೇ ಸಲಕ್ಕೆ ಮುಗಿಯುವ ಕೆಲಸ ಅಲ್ಲ.

ಯೂಟ್ಯೂಬ್_ರೈತ:
ಜಿಪ್ಸಂ ಹಾಕಿ. ಮಣ್ಣು ಬೆಣ್ಣೆ ಥರ ಆಗುತ್ತೆ. ವಿಡಿಯೋ ನೋಡಿದ್ದೇನೆ.

ಸಸಿಮಡಿ:
ವಿಡಿಯೋದವರ ಮಣ್ಣು ಬೇರೆ, ಇವರ ಮಣ್ಣು ಬೇರೆ. ಜಿಪ್ಸಂ ಕೆಲಸ ಮಾಡುವುದು ಸೋಡಿಯಂ ಜಾಸ್ತಿ ಇರುವ ಮಣ್ಣಿನಲ್ಲಿ. ಹಿಂದುಮುಂದು ನೋಡದೆ ಸುರಿದರೆ ದುಡ್ಡು ದಂಡ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಹಿತ್ತಲಿನ ಒಣ ಹೆಂಟೆ ತೊಗೊಳ್ಳಿ, ಹುಣಸೆಬೀಜದಷ್ಟು ಸಾಕು. ಗಾಜಿನ ಲೋಟದಲ್ಲಿ ಮಳೆನೀರು ಹಾಕಿ ಮೆಲ್ಲಗೆ ಅದರೊಳಗೆ ಬಿಡಿ. ಅಲ್ಲಾಡಿಸಬೇಡಿ. ಮಾರನೇ ದಿನ ನೋಡಿ. ಹೆಂಟೆ ಪುಡಿಪುಡಿಯಾಗಿ ತಳದಲ್ಲಿ ಕೂತು ನೀರು ತಿಳಿಯಾಗಿದ್ದರೆ ಜಿಪ್ಸಂ ಬೇಡ, ಗೊಬ್ಬರ ಸಾಕು. ಹೆಂಟೆ ಸುತ್ತ ಮೋಡ ಕಟ್ಟಿದ ಹಾಗೆ ನೀರು ಕದಡಿದ್ದರೆ ಮಾತ್ರ ಜಿಪ್ಸಂ ಯೋಚನೆ ಮಾಡಿ. ಗಟ್ಟಿಯಾಗಿ ತಿಳಿಯಬೇಕಾದರೆ ಮಣ್ಣು ಪರೀಕ್ಷೆಗೆ ಕೊಡಿ, ಧಾರವಾಡ ಕೃಷಿ ವಿಶ್ವವಿದ್ಯಾಲಯ ನಿಮಗೆ ಹತ್ತಿರವೇ ಇದೆ.

ಡಲ್ಲಾಸ್_ಧಾರವಾಡ:
ಊರು ಬಿಟ್ಟು ಬಂದರೂ ಎರೆ ಮಣ್ಣು ಬಿಡಲಿಲ್ಲ ನೋಡಿ. ಇಲ್ಲಿ ಟೆಕ್ಸಾಸ್‌ನಲ್ಲೂ ಇದೇ ಕಪ್ಪು ಮಣ್ಣು, ಹ್ಯೂಸ್ಟನ್ ಬ್ಲ್ಯಾಕ್ ಅಂತ ಹೆಸರಿಟ್ಟಿದ್ದಾರೆ. ಡಲ್ಲಾಸ್ ಸುತ್ತ ಪಾಯ ರಿಪೇರಿ ಅನ್ನೋದೇ ಒಂದು ದೊಡ್ಡ ದಂಧೆ. ಇಲ್ಲಿನವರು ಏನು ಮಾಡುತ್ತಾರೆ ಗೊತ್ತಾ? ಬೇಸಿಗೆಯಲ್ಲಿ ಮನೆ ಸುತ್ತ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು, ಜಿನುಗುವ ಪೈಪು ಹಾಕಿ ಪಾಯಕ್ಕೆ ನೀರು ಉಣಿಸುತ್ತಾರೆ! ಗಿಡಕ್ಕಲ್ಲ, ಮನೆಗೆ. ಮಣ್ಣು ಒಣಗಿ ಕುಗ್ಗಬಾರದು ಅಂತ.

ಗದಗ_ಅಕ್ಕ:
ತಮ್ಮಾ, ನಮಗೆ ನಳದಾಗೆ ನೀರು ಬರೋದೇ ವಾರಕ್ಕೊಮ್ಮೆ. ಮನೆಗೆ ಉಣಿಸೋದು ಎಲ್ಲಿಂದ?

ಸುಮ್ನೆ_ಓದುವವ:
ಮನೆಗೆ ನೀರು ಹಾಕಿದರೆ ಇನ್ನೊಂದು ಮಹಡಿ ಬೆಳೆಯುತ್ತಾ?

ಡಲ್ಲಾಸ್_ಧಾರವಾಡ:
ಬೆಳೆದರೆ ನಗರಸಭೆಯವರು ಬರುತ್ತಾರೆ 😄

ಸಿವಿಲ್_ಕೆಲಸ:
ನಗಬೇಡಿ, ಅವರ ಲೆಕ್ಕ ಸರಿಯಾಗಿದೆ. ಮಣ್ಣಿನ ತೇವ ವರ್ಷವಿಡೀ ಹೆಚ್ಚು ಕಡಿಮೆ ಆಗದ ಹಾಗೆ ನೋಡಿಕೊಳ್ಳುವುದೇ ಉಪಾಯ. ನಮಗೆ ನೀರಿಲ್ಲ ಅಂದರೆ ಇದ್ದ ತೇವ ಹೋಗದ ಹಾಗೆ ಮಾಡಬೇಕು. ಮನೆ ಸುತ್ತ ಕನಿಷ್ಠ 3 ಅಡಿ, ಜಾಗ ಇದ್ದರೆ 5–6 ಅಡಿ ಅಗಲಕ್ಕೆ ಹೊರಗೆ ಇಳಿಜಾರಾದ ನೆಲಹಾಸು ಮಾಡಿಸಿ. ನೀವು 6 ಅಡಿ ಪಕ್ಕದ ಜಾಗ ಬಿಟ್ಟಿದ್ದೀರಲ್ಲ, ಅದನ್ನು ಪೂರ್ತಿ ಹಾಗೇ ಮಾಡಿ. ಪ್ರತಿ 4 ಅಡಿಗೆ 1 ಇಂಚಾದರೂ ಇಳಿಜಾರು ಇರಲಿ. ಗೋಡೆಗೂ ನೆಲಹಾಸಿಗೂ ನಡುವೆ ಸಂದು ಬಿಟ್ಟು ಡಾಂಬರಿನಂಥ ಮೆತ್ತನೆ ವಸ್ತು ತುಂಬಿಸಿ. ಸಿಮೆಂಟಿನಿಂದ ಗೋಡೆಗೆ ಗಟ್ಟಿಯಾಗಿ ಅಂಟಿಸಿದರೆ ಮೊದಲ ಬೇಸಿಗೆಗೇ ಸೀಳುತ್ತದೆ.

ಪೇವರ್ ಬಗ್ಗೆ: ಎರೆ ಮಣ್ಣಿನ ಮೇಲೆ ಉಸುಕು ಹರಡಿ ನೇರ ಪೇವರ್ ಜೋಡಿಸಿದರೆ ಎರಡು ಮಳೆಗಾಲಕ್ಕೆ ಅಲೆ ಅಲೆ ಆಗುತ್ತದೆ. ಕಪ್ಪು ಮಣ್ಣು ತೆಗೆದು ಗರಸು ತುಂಬಿ ನೀರು ಹಾಕಿ ಬಡಿಯಬೇಕು. ಉಬ್ಬುವ ಮಣ್ಣಿನ ಮೇಲೆ ಉಬ್ಬದ, ಆದರೆ ಅಂಟು ಇರುವ ಮಣ್ಣಿನ ಪದರ ಹಾಕುವ ಪದ್ಧತಿ ಇದೆ. ಬಾಂಬೆ ಐಐಟಿಯ ಪ್ರೊಫೆಸರ್ ಕಟ್ಟಿಯವರು ಕಾಲುವೆ ಕೆಲಸಕ್ಕೆ ಅದನ್ನು ತಂದರು. ಪೂರ್ತಿ ಗುಣ ಬೇಕಾದರೆ ಒಂದು ಮೀಟರ್ ದಪ್ಪ ಬೇಕು. ಹಿತ್ತಲಿಗೆ ಅಷ್ಟೆಲ್ಲ ಬೇಡ, 9 ಇಂಚು ಗರಸು ಹಾಕಿದರೂ ಓಡಾಡುವ ಜಾಗಕ್ಕೆ ನಡೆಯುತ್ತದೆ.

ಎರೆಹೊಲದವ:
ಪೇವರ್ ಯಾಕೆ, ಶಹಾಬಾದ್ ಫರಸಿ ಹಾಕಿ ಸರ್. ನೆಲ ಎದ್ದರೆ ಒಂದೊಂದೇ ಕಲ್ಲು ಎತ್ತಿ, ಗರಸು ಸರಿಮಾಡಿ ಮತ್ತೆ ಕೂರಿಸಬಹುದು.

ಬೆಂಗಳೂರು_ಬಾಲ್ಕನಿ:
ಪೇವರ್ ಕೂಡ ಎತ್ತಿ ಕೂರಿಸಬಹುದಲ್ವಾ?

ಎರೆಹೊಲದವ:
ಬಹುದು. ಅಷ್ಟು ಚೂರು ಯಾರು ಎತ್ತುತ್ತಾರೆ, ನೀವು ಬರ್ತೀರಾ?

ಹುಬ್ಬಳ್ಳಿ_ಹಿತ್ತಲು:
ಹೆಂಟೆ ಪರೀಕ್ಷೆ ಮಾಡಿದೆ, ನೀರು ತಿಳಿಯಾಗೇ ಇದೆ. ಜಿಪ್ಸಂ ಖರ್ಚು ಉಳಿಯಿತು. ಇನ್ನೊಂದು ಪ್ರಶ್ನೆ. ತೂತಿನ ಪೈಪು ಹೂತು, ಸುತ್ತ ಖಡಿ ಹಾಕಿ, ಬಟ್ಟೆ ಸುತ್ತಿ ನೀರು ಎಳೆಯುವ ಪದ್ಧತಿ ಇದೆಯಲ್ಲ, ಫ್ರೆಂಚ್ ಡ್ರೇನ್. ಅದು ನಮಗೆ ಆಗುತ್ತಾ?

ಯೂಟ್ಯೂಬ್_ರೈತ:
ಅದು ಸೂಪರ್. ಎಲ್ಲರೂ ಅದನ್ನೇ ಹಾಕಿಸುತ್ತಾರೆ.

ಸಿವಿಲ್_ಕೆಲಸ:
ಇಲ್ಲಿ ಎಚ್ಚರ. ಉಸುಕು ಮಿಶ್ರಿತ ಮಣ್ಣಿನಲ್ಲಿ ನೀರು ಮಣ್ಣಿನೊಳಗಿಂದ ಜಿನುಗಿ ಪೈಪಿಗೆ ಬರುತ್ತದೆ. ಎರೆ ಮಣ್ಣು ನೀರನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡಲ್ಲ. ಹಾಗಾಗಿ ಖಡಿ ನೆಲದ ಮಟ್ಟಕ್ಕೇ ಬಂದು ತೆರೆದಿರಬೇಕು, ಮೇಲೆ ಹರಿಯುವ ನೀರು ನೇರ ಒಳಗೆ ಬೀಳಬೇಕು. ಮೇಲೆ ಮತ್ತೆ ಕಪ್ಪು ಮಣ್ಣು ಮುಚ್ಚಿ ಹುಲ್ಲು ಬೆಳೆಸಿದರೆ ಪೈಪು ಒಣಗೇ ಇರುತ್ತದೆ, ಮೇಲೆ ನೀರು ನಿಂತೇ ಇರುತ್ತದೆ. ಇನ್ನೊಂದು ವಿಷಯ, ಪೈಪಿನ ತುದಿ ಎಲ್ಲಾದರೂ ತಗ್ಗಿನಲ್ಲಿ ಹೊರಗೆ ತೆರೆಯಬೇಕು. ಹೊರಗೆ ದಾರಿ ಇಲ್ಲದ ಪೈಪು ಅಂದರೆ ಪಾಯದ ಪಕ್ಕ ಒಂದು ಗುಪ್ತ ಟಾಕಿ ಕಟ್ಟಿದ ಹಾಗೆ. ನನ್ನ ಅಭಿಪ್ರಾಯ ಕೇಳಿದರೆ ಹೂಳುವುದೇ ಬೇಡ. ತೆರೆದ ಗಟಾರವೇ ಮೇಲು. ಹೂಳು ತುಂಬಿದರೆ ಕಣ್ಣಿಗೆ ಕಾಣುತ್ತದೆ, ಸಲಿಕೆಯಿಂದ ತೆಗೆಯಬಹುದು.

ಎರೆಹೊಲದವ:
ಹೊಲದಲ್ಲಿ ನಾವು ಮಾಡುವುದನ್ನೇ ಹಿತ್ತಲಲ್ಲಿ ಮಾಡಿ. ಹೈದರಾಬಾದ್ ಹತ್ತಿರದ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವರು ಕಪ್ಪು ಮಣ್ಣಿಗೆ ಅಂತಲೇ ಅಗಲ ಮಡಿ, ಸಾಲು ಪದ್ಧತಿ ಮಾಡಿದ್ದಾರೆ. ಸುಮಾರು 1 ಮೀಟರ್ ಅಗಲದ ಎತ್ತರದ ಮಡಿ, ಪಕ್ಕದಲ್ಲಿ ಅರ್ಧ ಮೀಟರ್ ಸಾಲು. ಬೆಳೆ ಮಡಿ ಮೇಲೆ, ನೀರು ಸಾಲಿನಲ್ಲಿ. ನೀವು ಗಿಡ ಹಚ್ಚುವ ಕಡೆ ಒಂದೂವರೆ ಅಡಿ ಎತ್ತರ ಮಡಿ ಏರಿಸಿ. ಸಾಲಿಗೆ 100 ಅಡಿಗೆ 1 ಅಡಿ ಇಳಿಜಾರು ಕೊಟ್ಟು ಗಟಾರಕ್ಕೆ ಕೂಡಿಸಿ.

ಮಣ್ಣು ಅಗೆಯುವುದು ಮಾತ್ರ ಹದ ನೋಡಿ. ಹಸಿ ಇದ್ದಾಗ ಸಲಿಕೆ ಹಾಕಿದರೆ ಹೆಂಟೆ ಮೆತ್ತಗೆ ಅಂಟಿಕೊಂಡು ಒಣಗಿ ಕಲ್ಲಾಗುತ್ತದೆ. ಪೂರ್ತಿ ಒಣಗಿದಾಗ ಗುದ್ದಲಿಯೇ ಪುಟಿಯುತ್ತದೆ. ಒಂದು ಹಿಡಿ ಮಣ್ಣು ಉಂಡೆ ಮಾಡಿ ಹೆಬ್ಬೆರಳಿಂದ ಒತ್ತಿ. ಪುಡಿಯಾಗಿ ಬಿಟ್ಟುಕೊಂಡರೆ ಹದ ಬಂದಿದೆ. ಮಳೆಗಾಲದಲ್ಲಿ ಆ ಹದ ಎರಡು ಮೂರು ದಿನ ಸಿಕ್ಕರೆ ಪುಣ್ಯ, ಆಳು ಸಿಕ್ಕಿಲ್ಲ ಅಂತ ಕೂತರೆ ಹೋಯಿತು.

ಹುಬ್ಬಳ್ಳಿ_ಹಿತ್ತಲು:
ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ನಾನು ಮತ್ತು ಮನೆಯವರು ಮಟ್ಟ ನೋಡಿದೆವು. ನಾನು ಹಿತ್ತಲ ಮೂಲೆಯಲ್ಲಿ, ಅವರು ರಸ್ತೆ ಗಟಾರದ ಹತ್ತಿರ. ಹಿತ್ತಲ ಮೂಲೆ ಗಟಾರದ ತಳಕ್ಕಿಂತ ಬರೀ 2 ಇಂಚು ಮೇಲಿದೆ. ನಡುವೆ 60 ಅಡಿ. ರಸ್ತೆಗೆ ಪದರದ ಮೇಲೆ ಪದರ ಡಾಂಬರು ಹಾಕಿ ಏರಿಸಿದ್ದಾರೆ, ನಾವು ತಗ್ಗಿಗೆ ಬಿದ್ದಿದ್ದೇವೆ. ಹಿಂದಿನ ಕಾಂಪೌಂಡ್‌ಗೆ ತೂತು ಹೊಡೆದು ಹಿಂದಿನ ಸೈಟಿಗೆ ನೀರು ಬಿಡಿ ಅಂತ ಗೌಂಡಿ ಹೊಸ ಐಡಿಯಾ ಕೊಟ್ಟಿದ್ದಾರೆ. ಅದು ಖಾಲಿ ಸೈಟು.

ಗದಗ_ಅಕ್ಕ:
ಇವತ್ತು ಖಾಲಿ. ನಾಳೆ ಅವರು ಮನೆ ಕಟ್ಟಿದರೆ ಮೊದಲು ಆ ತೂತು ಮುಚ್ಚುತ್ತಾರೆ, ಆಮೇಲೆ ನಿಮ್ಮ ಜೊತೆ ಮಾತು ಬಿಡುತ್ತಾರೆ. ಆ ಗೌಂಡಿಯನ್ನು ಬಿಡಿ ಮೊದಲು.

ಸಿವಿಲ್_ಕೆಲಸ:
60 ಅಡಿಗೆ 2 ಇಂಚು ಸಾಲಲ್ಲ. 100ಕ್ಕೆ 1ರ ಲೆಕ್ಕದಲ್ಲಿ 7 ಇಂಚು ಬೇಕು. ಹಾಗಾಗಿ ತೋಡುವುದಲ್ಲ, ಏರಿಸುವುದು. ಹಿತ್ತಲ ಹಿಂದಿನ ತುದಿಯನ್ನು ಗರಸಿನಿಂದ 8–9 ಇಂಚು ಏರಿಸಿ. ಆದರೆ ಮನೆಯ ಪ್ಲಿಂತ್ (ಪಾಯದ ಮೇಲಿನ ಕಟ್ಟು) ಕನಿಷ್ಠ 6 ಇಂಚು ನೆಲದ ಮೇಲೆ ಕಾಣುತ್ತಿರಬೇಕು, ಗೋಡೆಗೆ ಮಣ್ಣು ತಾಗಬಾರದು. ಮನೆ ಹಿಂದೆ ಅಡ್ಡಕ್ಕೆ ಒಂದು ಕಾಂಕ್ರೀಟ್ ಗಟಾರ, ನೆಲಹಾಸು ಮುಗಿದ ಕಡೆ. ಎರಡೂ ಕಡೆಯ ಇಳಿಜಾರು ಅದಕ್ಕೇ ಬರಲಿ. ಅಲ್ಲಿಂದ ಪಕ್ಕದ ಜಾಗದ ಹೊರ ಅಂಚಿನಲ್ಲಿ, ಕಾಂಪೌಂಡ್ ಕಡೆಗೆ, ರಸ್ತೆಗೆ.

ತಾರಸಿ ಪೈಪುಗಳನ್ನು ಮಾತ್ರ ಇದಕ್ಕೆ ಬಿಡಬೇಡಿ. ಫಿಲ್ಟರ್ ಕೂರಿಸಿ ಸಂಪಿಗೆ ಕೂಡಿಸಿ. ನೀರಿಗೆ ಪರದಾಡುವ ಊರಲ್ಲಿ 2300 ಲೀಟರ್ ಚರಂಡಿಗೆ ಬಿಡುವುದಾ? ಸಂಪ್ ತುಂಬಿದ ಮೇಲೆ ಹೆಚ್ಚಾದದ್ದು ಗಟ್ಟಿ ಪೈಪಿನಲ್ಲಿ ಗಟಾರಕ್ಕೆ. ಪೈಪಿನ ಜೋಡಣೆಗಳು ಸ್ವಲ್ಪ ಬಾಗುವಂತೆ ರಬ್ಬರ್ ರಿಂಗಿನವು ಇರಲಿ. ನೆಲ ಏಳುತ್ತದೆ, ಬೀಳುತ್ತದೆ. ಗಟ್ಟಿ ಅಂಟಿಸಿದ ಜೋಡಣೆ ಸೀಳಿ ಒಳಗೊಳಗೇ ಸೋರಿದರೆ ಕಂಡುಹಿಡಿಯುವಷ್ಟರಲ್ಲಿ ಗೋಡೆ ಬಿರಿದಿರುತ್ತದೆ.

ಗದಗ_ಅಕ್ಕ:
ಗಿಡದ ವಿಷಯಕ್ಕೆ ಬರೋಣ. ಮಡಿ ಮೇಲೆ ಹಚ್ಚಿದರೆ ಕರಿಬೇವು, ದಾಸವಾಳ, ಲಿಂಬೆ ಎಲ್ಲ ಬರುತ್ತವೆ. ನೀರು ನಿಲ್ಲುವ ಅಂಚಿಗೆ ಕಾಬಾಳೆ, ಲಾವಂಚ. ಪಪ್ಪಾಯಿ, ನುಗ್ಗೆ ಸಪಾಟು ನೆಲಕ್ಕೆ ಹಚ್ಚಲೇಬೇಡಿ, ಬುಡದಲ್ಲಿ ಒಂದೆರಡು ದಿನ ನೀರು ನಿಂತರೆ ಮುಗೀತು.

ಸಸಿಮಡಿ:
ದಾಸವಾಳದ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಗಾಬರಿಯಾಗಿ ಸಗಣಿ ನೀರು ಸುರಿಯಬೇಡಿ. ಈ ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ, ಕಬ್ಬಿಣ ಇದ್ದರೂ ಗಿಡಕ್ಕೆ ಸಿಗಲ್ಲ. 1 ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಒಂದು ಚಿಟಿಕೆ ಸಿಟ್ರಿಕ್ ಆಸಿಡ್ ಹಾಕಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಫರಸಿ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗಲ್ಲ, ನೋಡಿಕೊಳ್ಳಿ.

ಸುಮ್ನೆ_ಓದುವವ:
ನಮ್ಮ ಮನೆ ಗೋಡೆಯಿಂದ 8 ಅಡಿಗೆ ದೊಡ್ಡ ಬೇವಿನ ಮರ ಇದೆ. ಬೇಸಿಗೆಯಲ್ಲಿ ಆ ಕಡೆ ಗೋಡೆಯೇ ಬಿರುಕು ಬಿಡುತ್ತೆ. ಕಡಿಸಿಬಿಡಲಾ?

ಸಿವಿಲ್_ಕೆಲಸ:
ಬೇರು ತೇವ ಹೀರುತ್ತದೆ, ಆ ಕಡೆ ಮಣ್ಣು ಕುಗ್ಗುತ್ತದೆ. ಆದರೆ ಒಮ್ಮೆಲೇ ಕಡಿಸಬೇಡಿ. ಹೀರುವವರು ಇಲ್ಲದೆ ಮಣ್ಣು ನೆನೆದು ಉಬ್ಬಿ ಗೋಡೆಯನ್ನು ಎತ್ತುತ್ತದೆ, ಅದು ಇನ್ನೂ ಕೆಟ್ಟದ್ದು. ಟೊಂಗೆ ಸವರಿಸಿ ಚಿಕ್ಕದು ಮಾಡಿ, ಬೇಸಿಗೆಯಲ್ಲಿ ಮರದ ಹೊರಬದಿಗೆ ಬಚ್ಚಲ ನೀರು ಬಿಡಿ. ಬಿರುಕಿನ ಮೇಲೆ ಪೆನ್ಸಿಲ್ ಗೆರೆ, ತಾರೀಕು ಹಾಕಿಟ್ಟು ಒಂದು ವರ್ಷ ನೋಡಿ. ಹೊಸದಾಗಿ ಹಚ್ಚುವವರು ಮರ ಎಷ್ಟು ಎತ್ತರ ಬೆಳೆಯುತ್ತದೋ ಗೋಡೆಯಿಂದ ಅಷ್ಟು ದೂರ ಹಚ್ಚಿ.

ಕರಾವಳಿ_ಮಳೆ:
ಹಾಗಾದರೆ 40×60 ಸೈಟಿನಲ್ಲಿ ತುಳಸಿ ಒಂದೇ ಗತಿ.

ಹುಬ್ಬಳ್ಳಿ_ಹಿತ್ತಲು:
ತುಳಸಿ ಕಟ್ಟೆ ಹೇಗೂ ಇದೆ 🙂 ಗರಸು ಮತ್ತು ಫರಸಿಗೆ ರೇಟ್ ಕೇಳಿದ್ದೇನೆ. ತಾರಸಿ ಪೈಪಿನ ಕೆಲಸ ಈ ವಾರವೇ. ಮಡಿಗೆ ಹದ ಬರಲಿ ಅಂತ ಕಾಯುತ್ತಿದ್ದೇನೆ. ಗೌಂಡಿಯನ್ನು ಮಾತ್ರ ಬಿಡಲು ಆಗಲ್ಲ ಅಕ್ಕಾ, ಮನೆಯವರ ಊರಿನವರು.

ಗದಗ_ಅಕ್ಕ:
ಹಂಗಾದರೆ ಎದುರು ನಿಂತು ಕೆಲಸ ಮಾಡಿಸಿ. ಗಟಾರದ ಇಳಿಜಾರನ್ನು ಒಂದು ಕೊಡ ನೀರು ಸುರಿದು ನೋಡಿ ಆಮೇಲೆ ದುಡ್ಡು ಕೊಡಿ.

ಎರೆಹೊಲದವ:
ರಸ್ತೆ ಕಡೆ ಗಟಾರದ ಬಾಯಿಗೆ ಕಬ್ಬಿಣದ ಜಾಳಿಗೆ ಹಾಕಿಸಿ. ಇಲ್ಲದಿದ್ದರೆ ಹೆಗ್ಗಣ ಒಳಗೆ ಬರುತ್ತವೆ, ಅವುಗಳ ಹಿಂದೆ ಹಾವು.

ಹುಬ್ಬಳ್ಳಿ_ಹಿತ್ತಲು:
ಎಷ್ಟು ಸಂದಿನ ಜಾಳಿಗೆ?

ಎರೆಹೊಲದವ:
ಅರ್ಧ ಇಂಚು. ಕೀಲು ಹಾಕಿ ತೆಗೆಯುವ ಹಾಗೆ ಇರಲಿ, ಪ್ರತಿ ಮಳೆ ಆದ ಮೇಲೆ ಪ್ಲಾಸ್ಟಿಕ್ ಚೀಲ ತೆಗೆಯಬೇಕಾಗುತ್ತದೆ.